ಕೆ.ಜಿ.ಎಫ್.ನ ಪಾಳುಬಿದ್ದ ಗಣಿ ಊರನ್ನು ಒಂದೇ ದಿನದಲ್ಲಿ ನೋಡಬಹುದೇ? ಸೈನೈಡ್ ದಿಬ್ಬ ಹತ್ತಬಹುದೇ?

ಹತ್ತಬೇಡಿ. ನಾನು ಹತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಭಾನುವಾರ, ನಿಮ್ಮ ಹಾಗೆಯೇ ಪಾಳು ಊರನ್ನು ನೋಡುವ ಆಸೆಯಿಂದ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹಿಡಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್, ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿ, 2001ರ ಫೆಬ್ರವರಿ 28ರಂದು ಬಿದ್ದ ಬೀಗ, ಇಷ್ಟನ್ನೂ ಓದಿಕೊಂಡಿದ್ದೆ. ಅಲ್ಲಿ ಇನ್ನೂ ಜನ ಬಾಳುತ್ತಿದ್ದಾರೆ ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

ನನ್ನ ತಪ್ಪು ಇದು: ಯಾರೂ ಇಲ್ಲವೆಂದುಕೊಂಡದ್ದರಿಂದ ಯಾರನ್ನೂ ಕೇಳಲಿಲ್ಲ. ಸ್ಟೇಷನ್ ಬಳಿಯ ಚಹಾದಂಗಡಿಯಲ್ಲಿ ಒಂದು ಮಾತು ಕೇಳಿದ್ದರೆ, ಗಾಳಿಯ ದಿನಗಳಲ್ಲಿ ಆ ಕಡೆ ಸುಳಿಯಬೇಡಿ ಎಂದು ಯಾರಾದರೂ ಹೇಳುತ್ತಿದ್ದರು. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿಕೊಂಡ ಮೇಲೆ ಸುರಿದ ಪುಡಿಯೇ ಆ ದಿಬ್ಬಗಳು. ಕೆಳಗಿನಿಂದ ಗಟ್ಟಿ ಗುಡ್ಡದಂತೆ ಕಾಣುತ್ತವೆ. ಕಾಲಿಟ್ಟರೆ ಮೇಲಿನ ತೆಳು ಪದರ ಹಪ್ಪಳದಂತೆ ಮುರಿದು, ಒಳಗಿನ ರಾಗಿಹಿಟ್ಟಿನಂಥ ಬೂದು ಪುಡಿಯಲ್ಲಿ ಪಾದ ಹೂತುಹೋಗುತ್ತದೆ. ಅರ್ಧ ಹತ್ತಿದ್ದೆ, ಗಾಳಿ ಬೀಸಿತು. ಕಣ್ಣು ಬಿಡಲಾಗಲಿಲ್ಲ, ಉಸಿರಿನ ಜೊತೆ ಪುಡಿ ಒಳಗೆ ಹೋಯಿತು, ಎರಡು ವರ್ಷ ಹಣ ಕೂಡಿಟ್ಟು ಕೊಂಡಿದ್ದ ಕ್ಯಾಮೆರಾದ ಲೆನ್ಸ್ ಕರಕರ ಎಂದು ಕಚ್ಚಿಕೊಂಡು ನಿಂತೇಹೋಯಿತು.

ಕೆಳಗಿನ ಲೈನ್ ಮನೆಯೊಂದರ (ಗಣಿ ಕಾರ್ಮಿಕರ ಸಾಲುಮನೆ) ಅಜ್ಜಿ "ತಂಬಿ, ಉಜ್ಜಬೇಡ" ಎಂದು ಕೈಹಿಡಿದು ಕೂರಿಸಿ, ಬಾಗಿಲ ಬಳಿ ಸಾಲಾಗಿಟ್ಟಿದ್ದ ಪ್ಲಾಸ್ಟಿಕ್ ಕೊಡಗಳಲ್ಲಿ ಒಂದನ್ನು ಪೂರ್ತಿ ನನ್ನ ಕಣ್ಣಿಗೆ ಸುರಿದರು. ನೀರನ್ನು ಹೀಗೆ ಹಿಡಿದಿಡುವ ಮನೆಯಲ್ಲಿ ಒಂದು ಕೊಡ ಎಂದರೆ ಏನು ಎಂಬುದು ನನಗೆ ಆಮೇಲೆ ಹೊಳೆಯಿತು. ಗೋಡೆಯ ಮೊಳೆಯಲ್ಲಿ ಅವರ ಯಜಮಾನರ ಗಣಿ ಹೆಲ್ಮೆಟ್ ತೂಗುತ್ತಿತ್ತು. ಅದೇ ಧೂಳು ಅವರ ಅಡುಗೆಯ ಪಾತ್ರೆಗಳ ಮೇಲೂ ಕೂತಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಪಾಳುಬಿದ್ದದ್ದು ಗಣಿ, ಊರಲ್ಲ. 2011ರ ಜನಗಣತಿಯಲ್ಲಿ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು, ಈಗಲೂ ಸಾವಿರಾರು ಮಂದಿ ಬೆಳಗಿನ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಗಣಿಗಿಳಿಯಲು ತೋಡಿದ್ದ, ಈಗ ಮುಚ್ಚಿದ ಶಾಫ್ಟ್‌ಗಳ ಬೇಲಿ ದಾಟಲು ಕಾವಲಿನವರನ್ನು ಪೀಡಿಸಬೇಡಿ. ಆಷಾಢ ಕಳೆದ ಮೇಲೆ ಹೋಗಿ, ರಾಬರ್ಟ್‌ಸನ್‌ಪೇಟೆಯಲ್ಲಿ ಊಟ ಮಾಡಿ, ಗಣಿಗಿಳಿದಿದ್ದ ಹಿರಿಯರು ಸಿಕ್ಕರೆ ಅವರ ಪಕ್ಕ ಕುಳಿತುಕೊಳ್ಳಿ. ಲೈನ್ ಮನೆಗಳ ಫೋಟೊ ತೆಗೆಯುವ ಮೊದಲು ಬಾಗಿಲಲ್ಲಿ ನಿಂತು ಕೇಳಿ.