ತೆಂಗಿನ ಮರದಿಂದ ಬಿದ್ದು ಕತ್ತಿನ ಮೂಳೆ ಮುರಿದರೆ ಏನು ಚಿಕಿತ್ಸೆ?

ನಮ್ಮ ಮಂಡ್ಯದ ಕಡೆ ಮರದಿಂದ ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಕೂರಿಸುವುದನ್ನು ಕಂಡರೆ ಎದೆ ನಡುಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ತಲೆ, ಕತ್ತು ಅಲುಗದಂತೆ ಹಿಡಿದುಕೊಂಡು 108ಕ್ಕೆ ಕರೆ ಮಾಡಿ. ಕತ್ತು ನೀವಿಸುವುದಂತೂ ಬೇಡವೇ ಬೇಡ.

ಕತ್ತಿನ 7 ಮೂಳೆಗಳಲ್ಲಿ ಯಾವುದು ಮುರಿದಿದೆ, ಜರುಗಿದೆಯೇ, ಬೆನ್ನುಹುರಿ ಒತ್ತಿಕೊಂಡಿದೆಯೇ ಎಂದು ಸಿ.ಟಿ., ಎಂ.ಆರ್.ಐ. ಸ್ಕ್ಯಾನ್‌ಗಳಲ್ಲಿ ನೋಡಿದ ಮೇಲೆಯೇ ಚಿಕಿತ್ಸೆಯ ನಿರ್ಧಾರ. ಮೂಳೆ ಜರುಗದೆ ಬರೀ ಬಿರುಕಾಗಿದ್ದರೆ ಗಟ್ಟಿ ಕಾಲರ್ ಸಾಕಾಗಬಹುದು, ಸಾಮಾನ್ಯವಾಗಿ 6ರಿಂದ 12 ವಾರ. ನೋವಿಲ್ಲವೆಂದು ಅದನ್ನು ತಾವೇ ಬಿಚ್ಚಬಾರದು. ಕೆಲವರಿಗೆ ತಲೆಬುರುಡೆಗೆ ಪಿನ್ ಕೂರಿಸಿ ಹಾಲೋ ಎಂಬ ಚೌಕಟ್ಟು ಹಾಕುತ್ತಾರೆ. ಮೂಳೆ ಜರುಗಿದ್ದರೆ ತೂಕ ಕಟ್ಟಿ ಎಳೆದು ಸಾಲಿಗೆ ತರುತ್ತಾರೆ, ಇಲ್ಲವೇ ಪ್ಲೇಟ್, ಸ್ಕ್ರೂ ಹಾಕಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕೈಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಒಂದು ಗಳಿಗೆಯೂ ತಡ ಮಾಡುವಂತಿಲ್ಲ.