ಕಿಟಕಿ ಸೀಟು ಸಿಗದವರಿಗೆ

ಡೊಂಬಿವಲಿಯಿಂದ ಪತ್ರ ಬರೆದವರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು. ತವರು ಶಿರಸಿ ಕಡೆ. ಮದುವೆಯಾಗಿ ಮುಂಬಯಿಗೆ ಬಂದು 22 ವರ್ಷ. ಫೋರ್ಟ್‌ನಲ್ಲಿ ನೌಕರಿ. ಡಿಸೆಂಬರ್‌ನಲ್ಲಿ ಗೋವಾಕ್ಕೆ ಹೋದಾಗ ಹಳೇ ಗೋವಾದಿಂದ ದಿವಾರ್ ದ್ವೀಪಕ್ಕೆ ಫೆರಿ ಹತ್ತಿದಿರಿ. ಮಾಂಡೋವಿ ನದಿಯ ಮೇಲೆ ಸಂಜೆ ಬಿಸಿಲು ಬಿದ್ದದ್ದು ನೋಡಿ ಕಣ್ಣು ತುಂಬಿ ಬಂತು. ವಾಪಸ್ ಬಂದ ಮರುದಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ, ಮೂವರ ಬೆಂಚಿನ ತುದಿಗೆ ನಾಲ್ಕನೆಯವರಾಗಿ ಒತ್ತಿ ಕೂರುವ ಫೋರ್ತ್ ಸೀಟೂ ಸಿಗದೆ ನಿಂತಾಗ ಅದೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆಮೇಲೆ ನಮ್ಮಲ್ಲೇ ಬಂದ ಲೇಖನವೊಂದನ್ನು ಓದಿ, ಕೃತಜ್ಞತೆ ಅನ್ನಿಸುವ ಐದು ಸಂಗತಿಗಳನ್ನು ದಿನಾ ರಾತ್ರಿ ಬರೆಯಲು ಶುರು ಮಾಡಿದಿರಿ. ಹನ್ನೊಂದನೇ ದಿನ ನೋಡಿದರೆ ಐದೂ ಅವೇ: ಗಂಡ, ಮಗ, ಆರೋಗ್ಯ, ನೌಕರಿ, ಮನೆ. 'ಹಾಜರಿ ಪುಸ್ತಕ ತುಂಬಿದ ಹಾಗಾಯಿತು. ನಾನು ಉಪಕಾರ ಸ್ಮರಣೆ ಇಲ್ಲದವಳಾ?' ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ತಪ್ಪು ನಮ್ಮದು. ಆ ಲೇಖನವನ್ನು ಅಚ್ಚಿಗೆ ಕಳಿಸುವ ಮುಂಚೆ ನಾನೇ ಇನ್ನಷ್ಟು ವಿಚಾರಿಸಬೇಕಿತ್ತು. ಈ ಪಟ್ಟಿ ಬರೆಯುವ ಪದ್ಧತಿಗೆ ಹೆಸರು ತಂದದ್ದು ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನ. ಅದರ ಮೊದಲ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ವಾರಕ್ಕೊಮ್ಮೆ, ಹತ್ತು ವಾರ. ಆಮೇಲೆ ಸೋನಿಯಾ ಲ್ಯುಬೊಮಿರ್ಸ್ಕಿ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ನೋಡಿದಾಗ, ವಾರಕ್ಕೊಮ್ಮೆ ಬರೆದವರ ಮನಸ್ಸು ಹಗುರಾಗಿತ್ತು. ವಾರಕ್ಕೆ ಮೂರು ಸಲ ಬರೆದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ನೀವು ದಿನಾ ಬರೆದಿದ್ದೀರಿ. ಬೇಜಾರಾಗದೆ ಇನ್ನೇನಾದೀತು?

ಅದೂ ಅಲ್ಲದೆ ನಮಗೆ ಪಟ್ಟಿ ಒಗ್ಗುವುದಿಲ್ಲ ಅಂತ ನನ್ನ ಗುಮಾನಿ. ಹಸಿದಾಗ ಊಟ ಹಾಕಿದವರಿಗೆ ನಮ್ಮ ಅಜ್ಜಿಯರು 'ನಿನ್ನ ಹೊಟ್ಟೆ ತಣ್ಣಗಿರಲಿ' ಅನ್ನುತ್ತಿದ್ದರು. ಅದು ಎದುರಿಗಿದ್ದವರ ಮುಖ ನೋಡಿ ಹೇಳುವ ಮಾತು, ನೋಟ್‌ಬುಕ್ಕಿಗೆ ಹೇಳುವುದಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಬೇರೆಯೇ ಇದೆ. 'ಫೆರಿಯಲ್ಲಿ ನದಿ ನೋಡುತ್ತಿದ್ದವಳು ನಾನೊಬ್ಬಳೇ, ಉಳಿದವರೆಲ್ಲ ಮೊಬೈಲಿನಲ್ಲಿದ್ದರು' ಎಂದು ಬರೆದಿದ್ದೀರಿ. ಅವರೆಲ್ಲ ದಿವಾರ್‌ನವರೇ ಇರಬೇಕು. ಕೆಲಸ ಮುಗಿಸಿ, ತರಕಾರಿ ಚೀಲ ಹಿಡಿದು ಮನೆಗೆ ಹೊರಟವರು. ನಿಮಗೆ ಡೊಂಬಿವಲಿ ಲೋಕಲ್ ಹೇಗೋ ಅವರಿಗೆ ಆ ಫೆರಿ ಹಾಗೆ. ಒಂದು ತಪ್ಪಿದರೆ ಇನ್ನೊಂದಕ್ಕೆ ಕಾಯಬೇಕು, ಅಷ್ಟೇ. ಅವರೂ ನಿಮ್ಮ ಹಾಗೇ ದಣಿದವರು.

(ಇನ್ನೊಂದು ಮಾತು, ಸುಮ್ನೆ ಹೇಳುತ್ತೇನೆ. ಗೋವೆಯನ್ನು ಆಳಿದ ಕದಂಬರ ಕುಲದೇವರು ಸಪ್ತಕೋಟೇಶ್ವರ. ಅವನ ಗುಡಿ ಮೊದಲು ಇದ್ದದ್ದು ಅದೇ ದಿವಾರ್‌ನಲ್ಲಿ. ಕದಂಬರ ಮೂಲ ಬನವಾಸಿ, ಅದು ನಿಮ್ಮ ಶಿರಸಿ ತಾಲೂಕಿನದೇ. ಅಷ್ಟು ದೂರ ಹೋಗಿ ನೀವು ಕಾಲಿಟ್ಟದ್ದು ಒಂದು ರೀತಿ ತವರಿನವರ ಅಂಗಳದಲ್ಲೇ.)

ಈಗ ನನ್ನ ಕತೆ. ನಮ್ಮ ಆಫೀಸಿನ ಹತ್ತಿರದ ಬಸ್ ಸ್ಟಾಪ್ ಪಕ್ಕ ಒಂದು ಮರ. ಆರು ವರ್ಷ ಅದರ ಕೆಳಗೆ ನಿಂತಿದ್ದೇನೆ. ಏನು ಮರ ಅಂತ ಯಾರಾದರೂ ಕೇಳಿದ್ದರೆ 'ಮರ' ಅನ್ನುತ್ತಿದ್ದೆ. ಒಂದು ಮೇ ತಿಂಗಳು ನಮ್ಮ ಅಮ್ಮ ಊರಿಂದ ಬಂದಿದ್ದರು. ಬಸ್ ಕಾಯುತ್ತ ತಲೆ ಎತ್ತಿ ನೋಡಿ, 'ಅಯ್ಯೋ, ಇದು ನಮ್ಮ ಹೊಳೆದಾಸವಾಳ ಅಲ್ವಾ? ಇದಕ್ಕೆ ಇಲ್ಲೇನು ಕೆಲಸ?' ಎಂದರು. ಪಕ್ಕದ ಪಾನ್ ಅಂಗಡಿಯವನು 'ತಾಮ್ಹಣ್ ಹೈ, ಮಾಂಜೀ' ಎಂದ. ಮಹಾರಾಷ್ಟ್ರದ ರಾಜ್ಯ ಪುಷ್ಪ ಅದೇ ಎಂದು ಆಮೇಲೆ ತಿಳಿಯಿತು. ಅಮ್ಮ ಕೆಳಗೆ ಬಿದ್ದಿದ್ದ ಒಂದು ಹೂವನ್ನು ಎತ್ತಿ ನನ್ನ ಅಂಗೈಗೆ ಹಾಕಿದರು. ನೇರಳೆ ಬಣ್ಣ. ಒಗೆದು ಇಸ್ತ್ರಿ ಮಾಡದೆ ಬಿಟ್ಟ ಸೀರೆ ಸೆರಗಿನ ಹಾಗೆ ಸುಕ್ಕುಸುಕ್ಕು ಎಸಳು, ನಡುವೆ ಹಳದಿ ಕೇಸರಗಳ ಗೊಂಚಲು. ಬಸ್ ಬಂತು, ಹತ್ತಲಿಲ್ಲ. ಹೆಸರು ಗೊತ್ತಾದದ್ದೇ ತಡ, ದಾರಿಯಲ್ಲಿ ಎಲ್ಲೆಲ್ಲೂ ಅದೇ ಮರ! ಅವು ಮೊದಲೂ ಅಲ್ಲೇ ಇದ್ದವಲ್ಲ. ಈಗಲೂ ಹೂ ಬಿಟ್ಟಿದೆ. ನೀವು ಓಡಾಡುವ ಕಡೆಯೂ ಸಿಕ್ಕೀತು.

ಹಾಗಂತ ಡಬ್ಬಿಯ ನೂಕುನುಗ್ಗಲನ್ನು ಚೆಂದ ಎಂದು ನೋಡಿ ಅನ್ನುವಷ್ಟು ನಿರ್ದಯಿ ನಾನಲ್ಲ. ಅದು ಚೆಂದ ಅಲ್ಲ. ಎರಡು ಗಂಟೆ ಒಂದೇ ಕಾಲ ಮೇಲೆ ನಿಂತು ಬಂದವರಿಗೆ 'ಇರುವುದಕ್ಕೆ ಸಂತೋಷಪಡಿ' ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದೂರುವುದು ನಿಮ್ಮ ಹಕ್ಕು. ಆದರೆ ವರ್ಷವಿಡೀ ಗಾಡಿಗೆ ಶಾಪ ಹಾಕುವ ಅದೇ ಜನ ದಸರಾ ಹೊತ್ತಿಗೆ ಏನು ಮಾಡುತ್ತಾರೆ? ಡಬ್ಬಿಗೆ ಚೆಂಡುಹೂವಿನ ಹಾರ ಕಟ್ಟುತ್ತಾರೆ, ಆರತಿ ಎತ್ತುತ್ತಾರೆ, ಪೇಡೆ ಹಂಚುತ್ತಾರೆ. ಮರುವಾರ ಮತ್ತೆ ಬೈಗುಳ. ಇಷ್ಟು ಪ್ರಾಮಾಣಿಕವಾದ ಕೃತಜ್ಞತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಹಾರ ಕಟ್ಟಲು ನೀವೂ ಯಾವಾಗಲೋ ಕೈ ಹಾಕಿರುತ್ತೀರಿ. ಪತ್ರದಲ್ಲಿ ಬರೆದಿಲ್ಲ, ಅಷ್ಟೇ.

ಸದ್ಯಕ್ಕೆ ಆ ನೋಟ್‌ಬುಕ್ ಎತ್ತಿಡಿ. ಮುಂಬ್ರಾ ದಾಟುವಾಗ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರದ ನೀರು ಒಳಬರುವ ಖಾಡಿ ಇದೆಯಲ್ಲ. ಮಳೆ ಹಿಡಿದ ಮೇಲೆ ಆ ಗುಡ್ಡದಿಂದ ನೀರು ಬಿಳಿ ಬಿಳಿ ಗೆರೆಯಾಗಿ ಇಳಿಯುತ್ತದೆ. ಗಾಡಿ ಹೋಗುವ ವೇಗದಲ್ಲಿ ಎಷ್ಟು ಎಣಿಸಲು ಆಗುತ್ತದೋ ಎಣಿಸಿ ಬರೆದು ಕಳಿಸಿ. ಕಿಟಕಿ ಹತ್ತಿರ ಜಾಗ ಸಿಗದಿದ್ದರೆ ಅದನ್ನೇ ಬರೆಯಿರಿ. ಆ ದೂರನ್ನೂ ಅಚ್ಚು ಹಾಕುತ್ತೇವೆ.

— ಸಂಪಾದಕ