ಪ್ರತಿಕ್ರಿಯೆ: ನೌಕಾಪಡೆಯಲ್ಲಿದ್ದ ಚಿಕ್ಕಪ್ಪನ 1971ರ ಪತ್ರಗಳು, ತಾರೀಖಿಲ್ಲದವನ್ನು ಜೋಡಿಸೋದು ಹೇಗೆ?

ನಿಮ್ಮ ಚಿಕ್ಕಪ್ಪನ ಪತ್ರಗಳೆಲ್ಲದರಲ್ಲೂ ವಿಳಾಸ ‘ಫ್ಲೀಟ್ ಮೇಲ್ ಆಫೀಸ್, ಬಾಂಬೆ’ (ನೌಕಾಪಡೆಯವರ ಅಂಚೆ ಕಚೇರಿ) ಅಂತಷ್ಟೇ ಇರೋದು ಬಹುಶಃ ಹಡಗು ಎಲ್ಲಿದೆ ಅಂತ ಹೊರಗೆ ತಿಳಿಯಬಾರದು ಅನ್ನೋ ಕಾರಣಕ್ಕೆ. ಅಷ್ಟರಿಂದಲೇ ಅವರು ಬಾಂಬೆಯಲ್ಲಿದ್ದರು ಅಂದುಕೊಳ್ಳಬೇಡಿ.

ಮೊದಲು ಇನ್‌ಲ್ಯಾಂಡ್ ಲೆಟರಿನ ಹೊರಬದಿ ನೋಡಿ. ನಿಮ್ಮೂರಿನ ಅಂಚೆ ಮುದ್ರೆ ಇದ್ದರೆ ಅರ್ಧ ಕೆಲಸ ಮುಗೀತು. ಮಸುಕಾಗಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. 5 ಪೈಸೆಯ ನಿರಾಶ್ರಿತರ ಪರಿಹಾರದ ಸ್ಟಾಂಪು (ಪೂರ್ವ ಪಾಕಿಸ್ತಾನದಿಂದ ಬಂದವರ ನೆರವಿಗೆ ಹೆಚ್ಚುವರಿಯಾಗಿ ಹಚ್ಚುತ್ತಿದ್ದದ್ದು) ಇದ್ದರೆ ಅದು 1971ರ ನವೆಂಬರ್ 15ರ ನಂತರದ್ದು. ಇಲ್ಲದಿದ್ದರೆ ಏನೂ ತೀರ್ಮಾನಿಸೋಕಾಗಲ್ಲ. ಪಿನ್‌ಕೋಡ್ ಬರೆದಿದ್ದರೆ 1972ರ ಆಗಸ್ಟ್ ನಂತರದ್ದು, ಅಂದರೆ 1971ರ ಭಾರತ-ಪಾಕ್ ಯುದ್ಧ ಮುಗಿದ ಮೇಲಿನದು.

ಉಳಿದವನ್ನು ಒಳಗಿನ ಮಾತಿನಿಂದಲೇ ಜೋಡಿಸಬೇಕು. ನಮ್ಮ ಮನೆಯ ಒಂದು ಪತ್ರದಲ್ಲಿ ‘ಅಮ್ಮಾ, ತೊಕ್ಕು ಮುಗೀತು’ ಅಂತಿತ್ತು, ಇನ್ನೊಂದರಲ್ಲಿ ‘ಡಬ್ಬಿ ತಲುಪಿತು, ಎಣ್ಣೆ ಸೋರಿದೆ’. ಕ್ರಮ ಸಿಕ್ಕಿದ್ದೇ ಅಲ್ಲಿ. ಹಬ್ಬ, ಮದುವೆ, ಮನಿಯಾರ್ಡರ್, ಯಾವುದನ್ನೂ ಬಿಡಬೇಡಿ.

ಕ್ರಮಸಂಖ್ಯೆಯನ್ನು ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ಹರಿದ ಮಡಿಕೆಗೆ ಸೆಲ್ಲೋಟೇಪ್ ಹಚ್ಚಬೇಡಿ. ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತೆ.